ಲ್ಯಾಬಿನಲ್ಲಿ ಹುಟ್ಟಿದ ಕಾಂಕ್ರೀಟು ಹೊರಗೆ ಬರುತ್ತದಾ?

ನೀವು ಕೇಳಿದ್ದು ಇದು: ‘ತಾನೇ ಬಿರುಕು ಮುಚ್ಚಿಕೊಳ್ಳುವ ಕಾಂಕ್ರೀಟು, ಕರೆಂಟು ಕೂಡಿಡುವ ಸಿಮೆಂಟು, ಹೀಗೆ ದಿನಕ್ಕೊಂದು ಸುದ್ದಿ ಓದುತ್ತೇನೆ. ಯೂನಿವರ್ಸಿಟಿಗಳ ಈ ಸಂಶೋಧನೆಯಲ್ಲಿ ಯಾವುದಾದರೂ ಬಳಕೆಗೆ ಬರುತ್ತದಾ? ನಾನು ಸಿವಿಲ್ ಓದುತ್ತಿದ್ದೇನೆ, ಮುಂದೆ ಈ ದಾರಿ ಹಿಡಿಯಬಹುದಾ?’

ನಾನು ಕಾಂಕ್ರೀಟಿನ ಬಾಳಿಕೆ ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷವಾಯಿತು. ಖಂಡಿತ ಬಳಕೆಗೆ ಬರುತ್ತದೆ. ಆದರೆ ಸುದ್ದಿಯಲ್ಲಿ ಜೋರಾಗಿ ಮಿಂಚಿದ್ದೇ ಮೊದಲು ಬರುತ್ತದೆ ಅಂತೇನಿಲ್ಲ. ಸಿಮೆಂಟು ಸುಡುವ ಈಗಿರುವ ಗೂಡು, ಈಗಿರುವ ಮಿಕ್ಸರು, ಈಗಿರುವ ಕೆಲಸಗಾರರ ಕೈಯಲ್ಲೇ ಆಗುವಂಥದ್ದು ಬೇಗ ಬರುತ್ತದೆ. ಉಳಿದದ್ದಕ್ಕೆ ಕಾಯಬೇಕು.

ಕಾಯುವುದು ಅಂದರೆ ಏನು ಅಂತ ನನ್ನ ಮೇಜಿನ ಮೇಲಿನ ಒಂದು ಕೆಲಸದಿಂದಲೇ ಹೇಳುತ್ತೇನೆ. ಕಾಂಕ್ರೀಟಿನ ಒಂದು ತುಂಡು ಒಡೆಯುತ್ತೇವೆ. ಒಡೆದ ಮುಖದ ಪುಡಿಯನ್ನು ಬ್ರಶ್ಶಿನಿಂದ ತೆಗೆದು ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸುತ್ತೇವೆ. ನೋಡನೋಡುತ್ತಿದ್ದಂತೆ ಒಳಭಾಗ ಕಡು ಗುಲಾಬಿಯಾಗುತ್ತದೆ. ಅಂಚಿನಲ್ಲಿ ಮಾತ್ರ ಒಂದು ಪಟ್ಟಿ ಬೂದು ಬಣ್ಣದಲ್ಲೇ ಉಳಿಯುತ್ತದೆ. ಗುಲಾಬಿ ಬಂದ ಕಡೆ ಕಾಂಕ್ರೀಟಿನ ಕ್ಷಾರ ಇನ್ನೂ ಉಳಿದಿದೆ. ಬೂದು ಪಟ್ಟಿಯಲ್ಲಿ ಗಾಳಿಯ ಕಾರ್ಬನ್ ಡೈಆಕ್ಸೈಡು ಒಳಗೆ ಇಳಿದು ಆ ಕ್ಷಾರವನ್ನು ತಿಂದುಹಾಕಿದೆ. ಕ್ಷಾರ ಇದ್ದಷ್ಟು ದಿನ, ಉಪ್ಪಿನ ಕಾಟವೂ ಇಲ್ಲದಿದ್ದರೆ, ಒಳಗಿನ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ಬೂದು ಪಟ್ಟಿ ಕಂಬಿ ಮುಟ್ಟಿತು, ನೀರಿನ ಪಸೆಯೂ ಸಿಕ್ಕಿತು ಅಂದರೆ ತುಕ್ಕು ಶುರು. ತುಕ್ಕಿಗೆ ಕಬ್ಬಿಣಕ್ಕಿಂತ 2ರಿಂದ 6 ಪಟ್ಟು ಜಾಸ್ತಿ ಜಾಗ ಬೇಕು. ಅದು ಒಳಗಿನಿಂದಲೇ ಕಾಂಕ್ರೀಟನ್ನು ಸೀಳುತ್ತದೆ.

ಕೆಲವು ವರ್ಷಗಳ ಹಿಂದೆ ನಾವು ಸಿಮೆಂಟು ತುಂಬಾ ಕಡಿಮೆ ಹಾಕಿ ಒಂದು ಮಿಶ್ರಣ ಮಾಡಿದ್ದೆವು. 28 ದಿನ ಆದ ಮೇಲೆ ಕ್ಯೂಬುಗಳನ್ನು ಮಷಿನ್ನಿಗೆ ಇಟ್ಟು ಒಡೆದಾಗ ಮಾಮೂಲಿ ಕಾಂಕ್ರೀಟಿನಷ್ಟೇ ಬಲ ಬಂತು. ಎಲ್ಲರಿಗೂ ಖುಷಿ. ಅದೇ ಮಿಶ್ರಣದ ಇನ್ನಷ್ಟು ತುಂಡುಗಳು ಕಾರ್ಬನ್ ಡೈಆಕ್ಸೈಡು ಜಾಸ್ತಿ ಇರುವ ಪೆಟ್ಟಿಗೆಯೊಳಗೆ ಕೂತಿದ್ದವು. ತಿಂಗಳುಗಳ ನಂತರ ಒಡೆದು ಸಿಂಪಡಿಸಿದೆ. ನಡುವೆ ಒಂದು ಸಣ್ಣ ಗುಲಾಬಿ ಚುಕ್ಕೆ ಬಿಟ್ಟರೆ ಎಲ್ಲ ಬೂದು. ಕ್ಯೂರಿಂಗ್, ಅಂದರೆ ಕಾಂಕ್ರೀಟನ್ನು ದಿನಗಟ್ಟಲೆ ಒದ್ದೆಯಾಗಿಡುವುದು, ಸಾಕಾಗಿರಲಿಲ್ಲ, ಸಣ್ಣ ರಂಧ್ರಗಳು ಮುಚ್ಚಿಕೊಂಡಿರಲಿಲ್ಲ. ಬಲ ಇತ್ತು, ಬಾಳಿಕೆ ಇರಲಿಲ್ಲ. ಅವತ್ತಿನಿಂದ ಯಾವ ಪ್ರಬಂಧ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಎಷ್ಟು ದಿನದ ಪರೀಕ್ಷೆ ಅಂತ.

ಈಗ ಇಡೀ ಜಗತ್ತಿನ ಲ್ಯಾಬುಗಳು ಸಿಮೆಂಟಿನ ಹಿಂದೆ ಬಿದ್ದಿರುವುದು ಯಾಕೆ? ಮನುಷ್ಯರು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸುಮಾರು 8 ಶೇಕಡ ಸಿಮೆಂಟಿನದ್ದು. ವರ್ಷಕ್ಕೆ 400 ಕೋಟಿ ಟನ್ನಿನಷ್ಟು ಸಿಮೆಂಟು ತಯಾರಾಗುತ್ತದೆ. ಗೂಡು ಉರಿಸುವ ಇಂಧನ ಬದಲಾಯಿಸಿದರೆ ಸಾಲದಾ ಅಂತ ನೀವು ಕೇಳಬಹುದು. ಸಾಲದು. ಕಾರಣ ಸುಣ್ಣಕಲ್ಲಿನೊಳಗೇ ಇದೆ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕಿಲೋ ಸುಣ್ಣ ಸಿಗುತ್ತದೆ, 44 ಕಿಲೋ ಕಾರ್ಬನ್ ಡೈಆಕ್ಸೈಡು ಹಾರಿಹೋಗುತ್ತದೆ. ಯಾವ ಬೆಂಕಿಯಲ್ಲಿ ಸುಟ್ಟರೂ ಲೆಕ್ಕ ಇಷ್ಟೇ. ಸಿಮೆಂಟಿನ ಹೊಗೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಈ ಕಲ್ಲಿನಿಂದಲೇ ಬರುತ್ತದೆ. ಹಾಗಾಗಿ ಒಂದು ಮುಖ್ಯ ದಾರಿ: ಕ್ಲಿಂಕರನ್ನು, ಅಂದರೆ ಸುಣ್ಣಕಲ್ಲನ್ನು ಜೇಡಿಮಣ್ಣಿನ ಜೊತೆ ಸುಟ್ಟು ಮಾಡುವ, ಅರೆದರೆ ಸಿಮೆಂಟಾಗುವ ಗಟ್ಟಿ ಉಂಡೆಗಳನ್ನು, ಕಡಿಮೆ ಬಳಸುವುದು.

ನನ್ನ ಮಟ್ಟಿಗೆ ಈ ಕಾಲದ ಅತಿ ಮುಖ್ಯ ಕೆಲಸ ಎಲ್‌ಸಿ3 ಅನ್ನುವ ಸಿಮೆಂಟು. ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಯೂನಿವರ್ಸಿಟಿಯ ಕರೆನ್ ಸ್ಕ್ರಿವೆನರ್, ಕ್ಯೂಬಾದ ಫೆರ್ನಾಂಡೊ ಮಾರ್ಟಿರೇನಾ, ಜೊತೆಗೆ ದೆಹಲಿ ಮತ್ತು ಮದ್ರಾಸ್ ಐಐಟಿಗಳ ತಂಡಗಳು ಸೇರಿ ವರ್ಷಗಟ್ಟಲೆ ಮಾಡಿದ ಕೆಲಸ. ಅರ್ಧ ಭಾಗ ಮಾತ್ರ ಕ್ಲಿಂಕರು. 30 ಶೇಕಡ ಸುಟ್ಟ ಜೇಡಿಮಣ್ಣು, 15 ಶೇಕಡ ಹಸಿ ಸುಣ್ಣಕಲ್ಲಿನ ಪುಡಿ, 5 ಶೇಕಡ ಜಿಪ್ಸಮ್. ಕ್ಲಿಂಕರಿಗೆ 1450 ಡಿಗ್ರಿ ಬೇಕು, ಜೇಡಿಮಣ್ಣಿಗೆ 800 ಡಿಗ್ರಿ ಆಸುಪಾಸಿನ ಕಾವು ಸಾಕು. ಮಣ್ಣು ಸುಟ್ಟಾಗ ಅದರಿಂದ ಹೋಗುವುದು ನೀರಿನ ಆವಿ. ಸುಣ್ಣಕಲ್ಲಿನ ಪುಡಿಯನ್ನು ಸುಡುವುದೇ ಇಲ್ಲ, ಅರೆದು ಬೆರೆಸಿದರಾಯಿತು. ಒಟ್ಟಿನಲ್ಲಿ ಕಾರ್ಬನ್ ಡೈಆಕ್ಸೈಡು 40 ಶೇಕಡದವರೆಗೆ ಕಡಿಮೆಯಾಗುತ್ತದೆ.

ಇದರ ಸೊಗಸು ಇರುವುದು ಸಾಮಾನ್ಯತನದಲ್ಲಿ. ಚೀಲ ಬಿಚ್ಚಿ, ನೀರು ಹಾಕಿ, ಮಾಮೂಲಿ ಸಿಮೆಂಟಿನ ಹಾಗೇ ಕಲಸಬಹುದು. ತೊಂದರೆಗಳಿಲ್ಲ ಅಂತಲ್ಲ. ಸುಟ್ಟ ಜೇಡಿಮಣ್ಣು ನೀರನ್ನು ಬೇಗ ಹಿಡಿದುಕೊಳ್ಳುತ್ತದೆ, ಕಲಸು ಬಿಗಿಯಾಗುತ್ತದೆ, ಅದನ್ನು ಸಡಿಲ ಮಾಡುವ ಪ್ಲಾಸ್ಟಿಸೈಜರು ಜಾಸ್ತಿ ಬೇಕು. ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೆ ಕೆಂಪು ಛಾಯೆ ಬರುತ್ತದೆ. ಸಿಮೆಂಟು ಅಂದರೆ ಬೂದು ಬಣ್ಣ ಅಂತ ಕಣ್ಣಿಗೆ ಅಭ್ಯಾಸವಾಗಿದೆಯಲ್ಲ, ಕೆಂಪು ಕಂಡ ಕೂಡಲೇ ಕಲಬೆರಕೆ ಅಂದುಕೊಳ್ಳುತ್ತಾರೆ. ಬಾಳಿಕೆಯ ವಿಷಯದಲ್ಲಿ ಎರಡು ಮುಖ ಇದೆ. ಉಪ್ಪಿನ ಅಂಶ ಒಳಗೆ ಇಳಿಯದ ಹಾಗೆ ತಡೆಯುವುದರಲ್ಲಿ ಇದು ಮಾಮೂಲಿ ಸಿಮೆಂಟಿಗಿಂತ ಎಷ್ಟೋ ವಾಸಿ, ಕಡಲ ಪಕ್ಕದ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ಗಾಳಿಯ ಕಾರ್ಬನ್ ಡೈಆಕ್ಸೈಡಿನ ಎದುರು ಮಾತ್ರ ಸ್ವಲ್ಪ ಬೇಗ ಸೋಲುತ್ತದೆ, ಯಾಕೆಂದರೆ ಒಳಗಿನ ಸುಣ್ಣದ ಗಂಟೇ ಚಿಕ್ಕದು. ನಾನು ಮೇಲೆ ಹೇಳಿದ ಗುಲಾಬಿ ಪರೀಕ್ಷೆ ಇದರಲ್ಲಿ ಮುಖ್ಯವಾಗುವುದು ಅದಕ್ಕೇ. ಕ್ಯೂರಿಂಗ್ ಚೆನ್ನಾಗಿ ಮಾಡಿ, ಕಂಬಿಯ ಮೇಲಿನ ಹೊದಿಕೆ ಸರಿಯಾಗಿ ಕೊಟ್ಟರೆ ನಿಭಾಯಿಸಬಹುದು.

ಇನ್ನೊಂದು ನನಗೆ ತುಂಬಾ ಹಿಡಿಸಿದ್ದು ಕೇಂಬ್ರಿಜ್‌ನವರದ್ದು. 2024ರ ಮೇ ತಿಂಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಹಳೇ ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸುವಾಗ ಅದರ ಜೊತೆ ಸುಣ್ಣ ಹಾಕುತ್ತಾರೆ. ಅದು ಕಶ್ಮಲವನ್ನೆಲ್ಲ ಸೆಳೆದುಕೊಂಡು ಮೇಲೆ ಕೆನೆಯ ಹಾಗೆ ತೇಲುತ್ತದೆ, ಕೆಳಗಿನ ಉಕ್ಕಿಗೆ ಗಾಳಿ ತಾಗದಂತೆ ಕಾಯುತ್ತದೆ. ಸಿರಿಲ್ ಡುನಾಂಟ್ ಅವರ ತಂಡ ಆ ಸುಣ್ಣದ ಜಾಗದಲ್ಲಿ ಕೆಡವಿದ ಕಟ್ಟಡದ ಹಳೇ ಸಿಮೆಂಟಿನ ಪುಡಿ ಹಾಕಿತು. ಉಕ್ಕೂ ಕರಗಿತು, ಮೇಲೆ ತೇಲಿದ್ದನ್ನು ಬೇಗ ತಣಿಸಿ ಅರೆದರೆ ಹೊಸ ಸಿಮೆಂಟಾಯಿತು! ಒಮ್ಮೆ ಸುಟ್ಟ ಸುಣ್ಣಕ್ಕೆ ಮತ್ತೆ ಸುಣ್ಣಕಲ್ಲು ಬೇಕಿಲ್ಲ, ಕುಲುಮೆಯ ಕಾವು ಹೇಗೂ ಉಕ್ಕಿಗೆ ಬೇಕೇ ಬೇಕು. ಈಗಾಗಲೇ ಉರಿಯುತ್ತಿರುವ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟ ಹಾಗೆ. ಎಷ್ಟು ಕೆಡವಿದ ಕಾಂಕ್ರೀಟು ಸಿಗುತ್ತದೆ, ಅದರಿಂದ ಸಿಮೆಂಟನ್ನು ಮರಳಿನಿಂದ ಎಷ್ಟು ಚೊಕ್ಕವಾಗಿ ಬಿಡಿಸಬಹುದು ಅನ್ನುವುದೇ ಇದರ ಮಿತಿ.

ಬಿರುಕು ಮುಚ್ಚಿಕೊಳ್ಳುವ ಕಾಂಕ್ರೀಟಿಗೆ ಬರುತ್ತೇನೆ. ಇದರಲ್ಲಿ ಎರಡು ಕವಲು. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಹೆಂಕ್ ಯೋಂಕರ್ಸ್ 2006ರಲ್ಲಿ ಶುರುಮಾಡಿದ್ದು ಬ್ಯಾಕ್ಟೀರಿಯಾದ ದಾರಿ. ಕ್ಷಾರದಲ್ಲೂ ಬದುಕುವ ಬ್ಯಾಕ್ಟೀರಿಯಾಗಳ ಬೀಜಾಣುಗಳನ್ನು, ಅವುಗಳ ಆಹಾರವಾದ ಕ್ಯಾಲ್ಸಿಯಂ ಲ್ಯಾಕ್ಟೇಟಿನ ಜೊತೆ ಕಾಂಕ್ರೀಟಿನಲ್ಲೇ ಬೆರೆಸಿಡುತ್ತಾರೆ. ಬಿರುಕು ಬಿಟ್ಟು ನೀರು ಒಳಗೆ ಹೋದಾಗ ಅವು ಎಚ್ಚರಗೊಂಡು, ತಿಂದು, ಸುಣ್ಣಕಲ್ಲನ್ನೇ ಕಕ್ಕುತ್ತವೆ. 0.8 ಮಿಲಿಮೀಟರ್ ಅಗಲದ ಬಿರುಕಿನವರೆಗೆ ಮುಚ್ಚಿದ್ದಿದೆ. ಸಾಮಾನ್ಯವಾಗಿ ವಿನ್ಯಾಸದಲ್ಲಿ 0.3 ಮಿಲಿಮೀಟರ್ ಬಿರುಕನ್ನು ಒಪ್ಪಿಕೊಳ್ಳುತ್ತೇವೆ, ಅದಕ್ಕೆ ಹೋಲಿಸಿದರೆ ಇದು ದೊಡ್ಡದೇ.

ಇನ್ನೊಂದು ಕವಲು 2,000 ವರ್ಷ ಹಿಂದಿನದು. ರೋಮನ್ನರ ಗಾರೆಯಲ್ಲಿ ಬಿಳಿ ಬಿಳಿ ಸುಣ್ಣದ ಹರಳು ಕಾಣುತ್ತವೆ. ಸರಿಯಾಗಿ ಕಲಸದೆ ಉಳಿದ ಗಂಟು ಅಂತಲೇ ಬಹಳ ಕಾಲ ಅಂದುಕೊಂಡಿದ್ದರು. ಎಂಐಟಿಯ ಅಡ್ಮೀರ್ ಮಾಸಿಚ್ ಅವರ ತಂಡ 2023ರ ಜನವರಿಯಲ್ಲಿ ಬೇರೆಯೇ ಮಾತು ಹೇಳಿತು. ರೋಮನ್ನರು ಅರಳಿದ ಸುಣ್ಣದ ಬದಲು, ಅಥವಾ ಅದರ ಜೊತೆಗೆ, ಸುಟ್ಟ ಸುಣ್ಣವನ್ನೇ ನೇರವಾಗಿ ಜ್ವಾಲಾಮುಖಿಯ ಬೂದಿಯೊಂದಿಗೆ ಬೆರೆಸಿ ನೀರು ಹಾಕುತ್ತಿದ್ದರು. ಸುಣ್ಣ ಅರಳುವಾಗ ಎಷ್ಟು ಬಿಸಿ ಏಳುತ್ತದೆ ಅಂತ ಕಂಡವರಿಗೆ ಗೊತ್ತು, ನೀರು ಕೊತಕೊತ ಕುದಿಯುತ್ತದೆ. ಆ ಬಿಸಿಯಲ್ಲಿ ಈ ಹರಳು ಉಳಿದುಕೊಳ್ಳುತ್ತವೆ. ಮುಂದೆ ಬಿರುಕು ಬಿಟ್ಟರೆ ಅದು ಹರಳಿನ ಮೂಲಕವೇ ಹಾಯುತ್ತದೆ, ಇಳಿದ ನೀರಿನಲ್ಲಿ ಕರಗಿದ ಸುಣ್ಣ ಬಿರುಕಿನಲ್ಲೇ ಮತ್ತೆ ಗಟ್ಟಿಯಾಗುತ್ತದೆ. ಅವರು ಅದೇ ರೀತಿ ಕಾಂಕ್ರೀಟು ಮಾಡಿ, ಬಿರುಕು ಬಿಡಿಸಿ, ನೀರು ಹರಿಸಿದರು. ಎರಡು ವಾರದಲ್ಲಿ ನೀರು ನಿಂತಿತು. ಸುಟ್ಟ ಸುಣ್ಣ ಹಾಕದ ತುಂಡಿನಲ್ಲಿ ನೀರು ಹರಿಯುತ್ತಲೇ ಇತ್ತು. 2025ರಲ್ಲಿ ಪಾಂಪೇಯ ಒಂದು ಅರ್ಧಕ್ಕೆ ನಿಂತ ಕಟ್ಟಡದಲ್ಲಿ ಸುಟ್ಟ ಸುಣ್ಣದ ಚೂರು ಬೆರೆತ ಒಣ ಮಿಶ್ರಣದ ರಾಶಿಯೇ ಸಿಕ್ಕಿದ್ದನ್ನು ಇದೇ ತಂಡ ಪ್ರಕಟಿಸಿತು. ಜ್ವಾಲಾಮುಖಿ ಉಕ್ಕಿದ 79ನೇ ಇಸವಿಯಲ್ಲಿ ಕೆಲಸಗಾರರು ಬಿಟ್ಟುಹೋದ ರಾಶಿ ಅದು. ಓದಿದಾಗ ನನಗೆ ಮೈ ಜುಮ್ ಅಂದಿತ್ತು.

ಆದರೆ ಒಂದು ಮಾತು ನೆನಪಿಡಿ. ರೋಮನ್ನರ ಕಾಂಕ್ರೀಟಿನಲ್ಲಿ ಕಂಬಿ ಇರಲಿಲ್ಲ. ತುಕ್ಕು ಹಿಡಿಯಲು ಏನೂ ಇಲ್ಲದ ಕಾಂಕ್ರೀಟು ಸಾವಿರ ವರ್ಷ ಬಾಳುವುದಕ್ಕೂ, ಕಂಬಿ ತುಂಬಿದ ನಮ್ಮ ಕಾಂಕ್ರೀಟು ಬಾಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕರೆಂಟು ಕೂಡಿಡುವ ಸಿಮೆಂಟು ಕೂಡ ಎಂಐಟಿಯದ್ದೇ. ಸಿಮೆಂಟು, ನೀರು, ನುಣ್ಣನೆಯ ಇಂಗಾಲದ ಕಪ್ಪು ಪುಡಿ. 2023ರಲ್ಲಿ 10 ಕಿಲೋವ್ಯಾಟ್-ಗಂಟೆ ಕೂಡಿಡಲು 45 ಘನ ಮೀಟರ್ ಬೇಕು ಅಂದಿದ್ದರು, 2025ಕ್ಕೆ ಅದು 5 ಘನ ಮೀಟರಿಗೆ ಇಳಿದಿದೆ. ಒಳ್ಳೆಯ ಪ್ರಗತಿ. ಆದರೆ ಭಾರ ಹೊರುವ ಗೋಡೆಯಲ್ಲಿ ನೋಡಲು ಇನ್ನೂ ಸಮಯ ಬೇಕು.

ನೀವು ಪರಿಸರದ ಕಡೆ ಒಲವಿದೆ ಅಂತಲೂ ಬರೆದಿದ್ದೀರಿ. ಹಾಗಾದರೆ ಸಾಲ್ಮನ್ ಮೀನಿನ ಕತೆ ತಿಳಿದುಕೊಳ್ಳಲೇಬೇಕು. ಅಮೆರಿಕದ ಸಿಯಾಟಲ್ ಸುತ್ತಮುತ್ತ ಮಳೆ ಬಂದಾಗಲೆಲ್ಲ, ಮೊಟ್ಟೆ ಇಡಲು ತೊರೆಗೆ ಮರಳಿದ ಕೋಹೊ ಸಾಲ್ಮನ್‌ಗಳು ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ರಸ್ತೆಯ ನೀರೇ ಕಾರಣ ಅಂತ ಗೊತ್ತಿತ್ತು, ಅದರಲ್ಲಿ ಯಾವುದು ಅಂತ ಗೊತ್ತಿರಲಿಲ್ಲ. ವಾಷಿಂಗ್ಟನ್ ಯೂನಿವರ್ಸಿಟಿಯ ಎಡ್ವರ್ಡ್ ಕೊಲೊಜಿಯೆ, ಜೆನ್ಯು ಟಿಯಾನ್ ಮತ್ತು ಜೊತೆಗಾರರು ಟಯರನ್ನು ಚೀಸ್ ತುರಿಯುವ ಮಣೆಯಲ್ಲಿ ತುರಿದು ನೀರಿನಲ್ಲಿ ನೆನೆಸಿದರು. ಆ ನೀರಿನಲ್ಲಿ ಸಾವಿರಾರು ರಾಸಾಯನಿಕ. ಒಂದೊಂದೇ ಗುಂಪು ಬೇರ್ಪಡಿಸಿ, ಯಾವ ಗುಂಪು ಮೀನನ್ನು ಕೊಲ್ಲುತ್ತದೆ ಅಂತ ನೋಡುತ್ತ ಬಂದರು. ಕೊನೆಗೆ ಉಳಿದದ್ದು ಒಂದೇ ವಸ್ತು. ಅದರ ಒಂದು ಅಣುವಿನಲ್ಲಿ 18 ಕಾರ್ಬನ್, 22 ಹೈಡ್ರೋಜನ್, 2 ನೈಟ್ರೋಜನ್, 2 ಆಕ್ಸಿಜನ್. ಟಯರಿಗೆ ಹಾಕುವ ರಾಸಾಯನಿಕಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಆಮೇಲೆ ಹೊಳೆಯಿತು. ಟಯರು ಬಿರಿಯದಿರಲಿ ಅಂತ ಹಾಕುವ 6ಪಿಪಿಡಿಗೆ ಹೆಚ್ಚುಕಡಿಮೆ ಇದೇ ಸೂತ್ರ, 2 ಹೈಡ್ರೋಜನ್ ಜಾಸ್ತಿ, ಆಕ್ಸಿಜನ್ ಇಲ್ಲ. ಗಾಳಿಯ ಓಝೋನ್ ತಾಗಿ 6ಪಿಪಿಡಿಯೇ ಈ ವಿಷವಾಗುತ್ತಿತ್ತು. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ನನಗೆ ಇದರಲ್ಲಿ ಇನ್ನೂ ಹೆಚ್ಚು ಇಷ್ಟವಾಗುವ ಭಾಗ ಬೇರೆ. ವಿಷ ಯಾವುದೆಂದು ಗೊತ್ತಾಗುವ ಮೊದಲೇ, 2015ರಲ್ಲೇ, ಅದೇ ಪ್ರದೇಶದ ಸಂಶೋಧಕರು ರಸ್ತೆ ನೀರನ್ನು ಮರಳು ಮತ್ತು ಕಾಂಪೋಸ್ಟು ಬೆರೆಸಿದ ಮಣ್ಣಿನ ಮೂಲಕ ಇಳಿಸಿ ನೋಡಿದ್ದರು. ಆ ನೀರಿನಲ್ಲಿ ಮೀನು ಬದುಕಿದವು. ಬರೀ ಮಣ್ಣು, ಮರಳು, ಇಳಿಜಾರು. ಅಪ್ಪಟ ಸಿವಿಲ್ ಕೆಲಸ ಅಲ್ವಾ?

ನೀವು ಈ ದಾರಿ ಹಿಡಿಯಿರಿ ಅಂತಲೇ ನಾನು ಹೇಳುತ್ತೇನೆ. ರಸಾಯನಶಾಸ್ತ್ರ ಬಿಡಬೇಡಿ, ನಮ್ಮ ಸಿವಿಲ್‌ನವರು ಎಡವುವುದು ಅಲ್ಲೇ. ಪ್ರಾಜೆಕ್ಟಿಗೆ ‘ಹೊಸ ಕಾಂಕ್ರೀಟು’ ಹುಡುಕುತ್ತ ಅಲೆಯುವುದಕ್ಕಿಂತ, ನಿಮ್ಮ ಕಾಲೇಜಿನ ಲ್ಯಾಬಿನ ಹಿಂದೆ ಬಿದ್ದಿರುವ ಹಳೇ ಕ್ಯೂಬುಗಳನ್ನು ನೋಡಿ. ಯಾವ ವರ್ಷದ್ದು, ಯಾವ ಮಿಶ್ರಣ ಅಂತ ಮೇಲೆ ಬರೆದಿದ್ದರೆ ಅದು ನಿಧಿ. ಒಂದೊಂದೇ ಒಡೆದು ಸಿಂಪಡಿಸಿ, ಬೂದು ಪಟ್ಟಿಯ ಅಗಲವನ್ನು ಸ್ಕೇಲಿಟ್ಟು ಅಳೆಯಿರಿ. ಎಷ್ಟೋ ವರ್ಷದ ಪರೀಕ್ಷೆಯನ್ನು ಕಾಲವೇ ಮಾಡಿಟ್ಟಿರುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಈಗ ಸುಟ್ಟ ಜೇಡಿಮಣ್ಣು ಬೆರೆಸಿದ ಕಾಂಕ್ರೀಟಿನ 24 ತುಂಡುಗಳಿವೆ. ಅರ್ಧದಷ್ಟಕ್ಕೆ 7 ದಿನ ಕ್ಯೂರಿಂಗ್, ಉಳಿದರ್ಧಕ್ಕೆ 28 ದಿನ. ಮುಂದಿನ ತಿಂಗಳು ಮೊದಲ ಸಾಲನ್ನು ಒಡೆಯುತ್ತೇವೆ. ಬೂದು ಪಟ್ಟಿ ಎಷ್ಟು ಬಂತು ಅಂತ ಇದೇ ಉತ್ತರದ ಕೆಳಗೆ ಸೇರಿಸುತ್ತೇನೆ.