ಮೊದಲ ಪಂಕ್ತಿಯಲ್ಲಿ ನಿಮ್ಮ ಎಲೆ

ಹಾಸನದ ಓದುಗರೊಬ್ಬರಿಂದ ಬಂದ ಈ ಪತ್ರವನ್ನು ಓದಿದ ಮೇಲೆ ಎರಡು ದಿನ ಬೇರೆ ಪತ್ರಗಳನ್ನು ತೆರೆಯಲು ನನಗೆ ಮನಸ್ಸಾಗಲಿಲ್ಲ. ಅವರ ಮಾವನವರು ಮೇ ಕೊನೆಗೆ ಶಿಕ್ಷಕ ವೃತ್ತಿಯಿಂದ ನಿವೃತ್ತರಾಗುತ್ತಾರೆ. ಜೂನ್ ಮೊದಲ ಭಾನುವಾರ ಮನೆಯ ತಾರಸಿಯ ಮೇಲೆ 60 ಜನರಿಗೆ ಊಟ ಹಾಕಬೇಕೆಂದು ತೀರ್ಮಾನವಾಗಿದೆ. ಕೈಯಲ್ಲಿರುವುದು 12,000 ರೂಪಾಯಿ. ಅಡುಗೆ ಗುತ್ತಿಗೆಯವರು ಒಂದು ಎಲೆಗೆ 300 ರೂಪಾಯಿ ಕೇಳಿದ್ದಾರೆ. ಬೆಂಗಳೂರಿನ ನಾದಿನಿ ಹೋಳಿಗೆ, ವಾಂಗಿಬಾತ್, ಎರಡು ಪಲ್ಯ, ಹೀರೇಕಾಯಿ ಬಜ್ಜಿ ಎಂದು 14 ಬಗೆಯ ಪಟ್ಟಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿದ್ದಾರೆ. ಪತಿಯವರು ಅದಕ್ಕೆ ಒಪ್ಪಿಗೆ ಕೊಟ್ಟು, "ಅಮ್ಮ ನೂರು ಜನಕ್ಕೆ ಒಬ್ಬರೇ ಮಾಡುತ್ತಿದ್ದರು, ನೀನೂ ನಿಭಾಯಿಸುತ್ತೀಯ" ಎಂದಿದ್ದಾರೆ. ಕಡಿಮೆ ಹಣದಲ್ಲಿ, ಕಡಿಮೆ ಶ್ರಮದಲ್ಲಿ, ನೆಂಟರ ಮುಂದೆ ಮರ್ಯಾದೆ ಹೋಗದಂತೆ ಏನು ಮಾಡಬಹುದು ಎಂಬುದು ಅವರ ಪ್ರಶ್ನೆ.

ತಂಗೀ, ನಿಮ್ಮ ಪ್ರಶ್ನೆಗೆ ಉತ್ತರವಿದೆ. ಆದರೆ ನೀವು ಪತ್ರದ ಕೊನೆಯಲ್ಲಿ, ಸಹಿಗೆ ಮುಂಚೆ, ಹೀಗೊಂದು ಮಾತು ಬರೆದಿದ್ದೀರಿ: "ಕಳೆದ ವರ್ಷ ಮಗನ ನಾಮಕರಣದಲ್ಲಿ ನಾನು ಊಟಕ್ಕೆ ಕುಳಿತಾಗ ನಾಲ್ಕೂವರೆಯಾಗಿತ್ತು, ಹೋಳಿಗೆ ಮುಗಿದಿತ್ತು, ಪರವಾಗಿಲ್ಲ, ನನಗೆ ಸಿಹಿ ಅಷ್ಟಾಗಿ ಸೇರುವುದಿಲ್ಲ." ಮೂರು ತಿಂಗಳ ಬಾಣಂತಿ, ಮಗುವಿಗೆ ಹಾಲೂಡಿಸುವ ತಾಯಿ, ತನ್ನ ಮಗುವಿನ ನಾಮಕರಣದ ದಿನ ನಾಲ್ಕೂವರೆಯವರೆಗೆ ಹಸಿದಿದ್ದರೆ ಅದು ಪರವಾಗಿಲ್ಲ ಎನ್ನುವ ವಿಷಯವಲ್ಲ. ನನ್ನ ಮಟ್ಟಿಗೆ ನಿಮ್ಮ ಪತ್ರವೆಂದರೆ ಆ ಒಂದು ಸಾಲು.

ನನ್ನ ತಾಯಿಯ ಬಲಗೈಯಲ್ಲಿ ಎಣ್ಣೆ ಸಿಡಿದ ಮೂರು ಕಲೆಗಳಿದ್ದವು. ಒಂದು ಚಿಕ್ಕಪ್ಪನ ಮದುವೆಯದು, ಇನ್ನೊಂದು ಅಣ್ಣನ ಉಪನಯನದ್ದು, ಮತ್ತೊಂದು ಗೃಹಪ್ರವೇಶದ್ದು. ಆ ಮೂರೂ ಸಮಾರಂಭಗಳ ಒಂದು ಫೋಟೋದಲ್ಲಿಯೂ ಅಮ್ಮ ಇಲ್ಲ. ಆದ್ದರಿಂದಲೇ ಈ ಅಂಕಣದಲ್ಲಿ ಹಲವು ಬಾರಿ ಬರೆದದ್ದನ್ನು ಮತ್ತೊಮ್ಮೆ ಬರೆಯುತ್ತಿದ್ದೇನೆ: ಎಲೆ ಹಾಕಿದ ಮೇಲೆ ಆ ಮನೆಯಲ್ಲಿ ಯಾವ ಒಲೆಯೂ ಉರಿಯುತ್ತಿರಬಾರದು. ಯಾವುದನ್ನು ಬಿಸಿಬಿಸಿಯಾಗಿ ಕರಿದು, ಬೇಯಿಸಿ, ಒಬ್ಬರು ನಿಂತೇ ತಂದುಕೊಡಬೇಕೋ ಅದು ಆ ದಿನದ ಪಟ್ಟಿಯಲ್ಲಿ ಇರಕೂಡದು. ಈ ಅಳತೆಗೋಲನ್ನು ಹಿಡಿದರೆ ನಾದಿನಿಯವರ ಪಟ್ಟಿಯಲ್ಲಿ ಬಜ್ಜಿ ಮೊದಲು ಹೋಗುತ್ತದೆ, ಉಳಿದವೂ ಒಂದೊಂದಾಗಿ ಬಿದ್ದುಹೋಗುತ್ತವೆ.

ಉಳಿಯುವುದು ಬಿಸಿಬೇಳೆಬಾತ್, ಮೊಸರನ್ನ, ಕೋಸಂಬರಿ, ಅಂಗಡಿಯ ಖಾರಾಬೂಂದಿ, ಹೋಳಿಗೆ. ಹೋಳಿಗೆಯನ್ನು ನೀವು ತಟ್ಟುವುದು ಬೇಡ. ಹೋಳಿಗೆ ಮಾಡಿ ಮಾರುವವರಿಗೆ ಒಂದು ವಾರ ಮುಂಚೆಯೇ 75 ಹೋಳಿಗೆ ಹೇಳಿಬಿಡಿ. ಶಾಮಿಯಾನದವರಲ್ಲಿ 40 ಲೀಟರಿನ ಕೊಳಗವೂ ದೊಡ್ಡ ಗ್ಯಾಸ್ ಒಲೆಯೂ ಬಾಡಿಗೆಗೆ ಸಿಗುತ್ತವೆ. ಮೊಸರನ್ನವೂ ಇರುವುದರಿಂದ 60 ಜನರ ಬಿಸಿಬೇಳೆಬಾತಿಗೆ 3 ಕಿಲೋ ಅಕ್ಕಿ, 2 ಕಿಲೋ ತೊಗರಿಬೇಳೆ, 4 ಕಿಲೋ ತರಕಾರಿ ಸಾಕು. ಅದರ ಮಸಾಲೆಯನ್ನು ವಾರ ಮುಂಚೆ ಹುರಿದು ಪುಡಿ ಮಾಡಿ ಡಬ್ಬಕ್ಕೆ ತುಂಬಿಡಿ. ಹಿಂದಿನ ರಾತ್ರಿ ಹುರುಳಿಕಾಯಿ, ಕ್ಯಾರೆಟ್, ನವಿಲುಕೋಸನ್ನು ಹೆಚ್ಚಿ ಫ್ರಿಜ್ಜಿನಲ್ಲಿಡಿ. ಅನ್ನವನ್ನು ಮಾತ್ರ ರಾತ್ರಿಯೇ ಮಾಡಿಡಬೇಡಿ. ರಾತ್ರಿಯಿಡೀ ಹೊರಗೆ ಉಳಿದ ಅನ್ನದಲ್ಲಿ ಬೆಳೆಯಬಲ್ಲ ಬ್ಯಾಕ್ಟೀರಿಯಾದ ವಿಷ ಮರಳಿ ಬಿಸಿ ಮಾಡಿದರೂ ಹೋಗುವುದಿಲ್ಲ.

ಬಿಸಿಬೇಳೆಬಾತಿನಲ್ಲಿ ಹೆಚ್ಚಿನವರು ತಪ್ಪುವುದು ಹದದಲ್ಲಿ. ಹನ್ನೊಂದು ಗಂಟೆಗೆ ಸೌಟಿನಿಂದ ಎತ್ತಿ ಬಿಟ್ಟಾಗ ಅದು ಹುಳಿಯಂತೆ ಸುರಿಯಬೇಕು. ನೋಡಿದವರು ನೀರಾಯಿತೆಂದರೂ ಹೆದರಬೇಡಿ, ಒಂದು ಗಂಟೆಯ ಹೊತ್ತಿಗೆ ಅಕ್ಕಿಯೂ ಬೇಳೆಯೂ ಆ ನೀರನ್ನೆಲ್ಲ ಹೀರಿ ಸರಿಯಾದ ಹದಕ್ಕೆ ಬಂದಿರುತ್ತವೆ. ಹತ್ತಿರದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರಿರಲಿ, ತುಪ್ಪವನ್ನು ಬಡಿಸುವ ಮುನ್ನ ಹಾಕಿ. ಮೊಸರನ್ನಕ್ಕೆ 2 ಕಿಲೋ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಬಿಸಿಯಿರುವಾಗಲೇ ಮಸೆದು, 4 ಲೀಟರ್ ಹಾಲು ಬೆರೆಸಿ. ಉಗುರುಬೆಚ್ಚಗಾದ ಮೇಲೆ ಅರ್ಧ ಲೀಟರ್ ಮೊಸರು ಹಾಕಿದರೆ ಮಧ್ಯಾಹ್ನದವರೆಗೂ ಹುಳಿಯಾಗುವುದಿಲ್ಲ. ಕೋಸಂಬರಿಗೆ 1 ಕಿಲೋ ಹೆಸರುಬೇಳೆ ಸಾಕು; ಉಪ್ಪನ್ನು ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ದಿನಸಿ, ಹೋಳಿಗೆ, ಬಾಳೆಎಲೆ, ಬಾಡಿಗೆ ಎಲ್ಲ ಸೇರಿದರೂ ನಿಮ್ಮ ಹಣದಲ್ಲಿ ಉಳಿಯುತ್ತದೆ. ಉಳಿದದ್ದರಲ್ಲಿ ಬಡಿಸಲು, ಪಾತ್ರೆ ತೊಳೆಯಲು ಇಬ್ಬರನ್ನು ಕೂಲಿ ಕೊಟ್ಟು ಕರೆಯಿರಿ.

ನೀವು ನಾದಿನಿಯ ಮೇಲೆ ಬೇಸರಗೊಂಡಿದ್ದೀರಿ. ನನಗೆ ಅವರ ಮೇಲೆ ಅಷ್ಟು ಕೋಪವಿಲ್ಲ. ತಂದೆಯ ನಿವೃತ್ತಿಯ ದಿನ ಊಟ ಜೋರಾಗಿರಲಿ ಎಂದು ಮಗಳು ಬಯಸುವುದು ಸಹಜ. ಕೋಪ ಬಂದದ್ದು ನಿಮ್ಮ ಪತಿಯವರ ಮೇಲೆ. ನಾಮಕರಣದ ದಿನ ಹೆಂಡತಿ ಉಂಡಿದ್ದಾಳೆಯೇ ಎಂದು ಕೇಳದವರು ಈಗ ಅಮ್ಮನ ನೂರು ಜನರ ಅಡುಗೆಯನ್ನು ಉದಾಹರಿಸುತ್ತಿದ್ದಾರೆ. ಆ ಅಮ್ಮ ಅಂದು ಎಷ್ಟು ಹೊತ್ತಿಗೆ ಉಂಡರು ಎಂಬುದನ್ನು ಅವರು ಅಮ್ಮನನ್ನೇ ಕೇಳಲಿ. ಪಟ್ಟಿ ಬದಲಾಯಿತೆಂದು ಬೆಂಗಳೂರಿಗೆ ಫೋನ್ ಮಾಡಬೇಕಾದವರೂ ಅವರೇ, ಆ ದಿನ ಮೂರೂ ಪಂಕ್ತಿಗೆ ನಿಂತು ಬಡಿಸಬೇಕಾದವರೂ ಅವರೇ.

ಮನೆಯವರು ಕೊನೆಗೆ ಉಣ್ಣುವುದು ಪದ್ಧತಿ ಎಂದು ಯಾರಾದರೂ ಹೇಳಬಹುದು. ಬಂದವರಿಗೆ ಕಡಿಮೆಯಾಗಬಾರದೆಂದು ಬಂದ ಪದ್ಧತಿ ಅದು. 60 ಜನರಿಗೆ ಅಳೆದು ಮಾಡಿದ ಅಡುಗೆಯಲ್ಲಿ ನಿಮ್ಮ ಒಂದು ಎಲೆಯಿಂದ ಯಾರಿಗೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಮೇಲಿನದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ. ಹನ್ನೆರಡೂವರೆಗೆ ಒಲೆ ಆರಿಸಿ, ಮುಖ ತೊಳೆದು, ಮಗುವನ್ನು ಯಾರ ಕೈಗಾದರೂ ಕೊಟ್ಟು, ಮೊದಲ ಪಂಕ್ತಿಯಲ್ಲಿ ಮಾವನವರ ಪಕ್ಕದ ಎಲೆಗೆ ಕುಳಿತುಕೊಳ್ಳಿ. ಹೋಳಿಗೆ ಬಡಿಸಿಕೊಳ್ಳಿ. ಊಟ ಮುಗಿಯುವವರೆಗೆ ಯಾರು ಕರೆದರೂ ಏಳಬೇಡಿ.