ಹೊಗೆ ಕಂಡ ಮೇಲೆ ಏನು?

ಪ್ರಿಯ ಓದುಗರೇ,

ಅಮೆರಿಕದ ಬೆಟ್ಟಗಳ ಮೇಲಿನ ಕಾಡ್ಗಿಚ್ಚಿನ ಕಾವಲುಮನೆಗಳ ಬಗ್ಗೆ ಕೇಳಿದ್ದೀರಿ: ‘ಒಬ್ಬರೇ ಅಲ್ಲಿ ಕೂತು ಬೆಂಕಿ ಕಂಡರೂ ಮಾಡುವುದೇನು? ಕೆಳಗಿಳಿದು ಹೇಳುವಷ್ಟರಲ್ಲಿ ಕಾಡು ಉಳಿದಿರುತ್ತದೆಯೇ?’ ಜೊತೆಗೆ, ಉಪಗ್ರಹಗಳಿರುವ ಈ ಕಾಲದಲ್ಲೂ ಅಲ್ಲಿ ಯಾರಾದರೂ ಇದ್ದಾರೆಯೇ ಎಂದೂ ವಿಚಾರಿಸಿದ್ದೀರಿ.

ಕೆಳಗಿಳಿಯುವ ಪ್ರಶ್ನೆಯೇ ಇರಲಿಲ್ಲ, ಟೆಲಿಫೋನ್ ಇತ್ತು. ನನ್ನ ಮಟ್ಟಿಗೆ ಈ ಕಾವಲುಮನೆಗಳ ಚರಿತ್ರೆಯೆಂದರೆ ಅರ್ಧಕ್ಕರ್ಧ ತಂತಿಯ ಚರಿತ್ರೆ.

1910ರ ಆಗಸ್ಟ್‌ನಲ್ಲಿ ಐಡಾಹೊ, ಮೊಂಟಾನಾ ಭಾಗದಲ್ಲಿ ಎರಡೇ ದಿನಕ್ಕೆ ಸುಮಾರು 30 ಲಕ್ಷ ಎಕರೆ ಸುಟ್ಟು ಹೋಯಿತು; 80ಕ್ಕೂ ಹೆಚ್ಚು ಮಂದಿ ಸತ್ತರು. ಆಗ ಅಲ್ಲಿನ ಅರಣ್ಯ ಸೇವೆಗೆ ಬರೀ ಐದು ವರ್ಷ. ಬೆಂಕಿ ಚಿಕ್ಕದಿರುವಾಗಲೇ ಕಣ್ಣಿಗೆ ಬೀಳಬೇಕೆಂಬ ಹಟ ಬಲವಾದದ್ದು ಆಮೇಲೆ.

1913ರಲ್ಲಿ ಕ್ಯಾಲಿಫೋರ್ನಿಯಾದ ಕ್ಲಾಮತ್ ಅರಣ್ಯದ ಎಡ್ಡಿ ಗಲ್ಚ್ ಕಾವಲುಮನೆಗೆ ಹ್ಯಾಲಿ ಡ್ಯಾಗೆಟ್ ಬಂದರು. ಅರಣ್ಯ ಸೇವೆ ಈ ಕೆಲಸಕ್ಕೆ ನೇಮಿಸಿದ ಮೊದಲ ಮಹಿಳೆ. ಅವರ ಹೆಸರು ಸೂಚಿಸಿದ ಅಧಿಕಾರಿ, ‘ಈ ಪ್ರಸ್ತಾಪ ಓದಿ ನಿಮಗೆ ಉಸಿರು ನಿಂತೀತು’ ಎಂದು ಮೇಲಧಿಕಾರಿಗೆ ಮೊದಲೇ ಬರೆದಿದ್ದರಂತೆ! ಆದದ್ದೇನು? ಹತ್ತಕ್ಕೂ ಹೆಚ್ಚು ಬೇಸಿಗೆ ಆಕೆ ಅಲ್ಲೇ ಕಾವಲಿದ್ದರು. ಊಟದ ಸಾಮಾನು ಹೊತ್ತು ಮೇಲೆ ಬರುತ್ತಿದ್ದವಳು ಸೋದರಿ.

ಇನ್ನು ಕೆಲಸದ ರೀತಿ. ಅರಣ್ಯ ಸೇವೆಯ ವಿಲಿಯಂ ಆಸ್ಬೋರ್ನ್ ರೂಪಿಸಿದ ಸಾಧನವೊಂದು ಇಂಥ ಕೋಣೆಗಳ ನಡುಮಧ್ಯೆ ಬಂತು: ದುಂಡನೆಯ ನಕ್ಷೆ, ಅದರ ಕೇಂದ್ರದಲ್ಲಿ ಕಾವಲುಮನೆ, ಸುತ್ತ ಡಿಗ್ರಿ ಗುರುತಿನ ಉಂಗುರ. ಉಂಗುರ ತಿರುಗಿಸಿ, ಒಂದು ಕಿಂಡಿಯಿಂದ ಇಣುಕಿ, ಎದುರಿನ ಚೌಕಟ್ಟಿಗೆ ಬಿಗಿದ ಕುದುರೆ ಕೂದಲಿನ ಗೆರೆಗೆ ಹೊಗೆಯನ್ನು ಸರಿಹೊಂದಿಸಬೇಕು. ಸಿಗುವುದು ದಿಕ್ಕು ಮಾತ್ರ, ದೂರ ಅಂದಾಜೇ. ಇನ್ನೊಂದು ಬೆಟ್ಟದವರೂ ಅದೇ ಹೊಗೆಯ ದಿಕ್ಕನ್ನು ಫೋನಿನಲ್ಲಿ ಹೇಳಿದರೆ, ಕಚೇರಿಯ ನಕ್ಷೆಯಲ್ಲಿ ಎರಡು ಗೆರೆ ಕೂಡುವ ಕಡೆ ಬೆಂಕಿ. ತಂತಿ ಕಡಿದರೆ ಎಷ್ಟು ಚುರುಕುಗಣ್ಣಿದ್ದರೂ ದಂಡ.

ಬೆಂಕಿ ಹಚ್ಚುವ ಸಿಡಿಲೇ ಆ ತಂತಿಯ ಶತ್ರು ಕೂಡ. ಗುಡುಗು ಸಿಡಿಲಿನ ಹೊತ್ತಿಗೆ ಕಾವಲುಗಾರರು ಗಾಜಿನ ಕಾಲಿನ ಪುಟ್ಟ ಸ್ಟೂಲ್ ಏರಿ ನಿಲ್ಲುತ್ತಿದ್ದರು. ವಿದ್ಯುತ್ ಮೈಮೂಲಕ ನೆಲಕ್ಕೆ ಇಳಿಯದಿರಲಿ ಎಂದು. ಎಲ್ಲರೂ ಅಡಗುವ ಆ ಹೊತ್ತೇ ಅವರಿಗೆ ಕಣ್ಣು ಬಿಟ್ಟು ನೋಡುವ ಹೊತ್ತು.

ಮುಂದೆ ರೇಡಿಯೊ ಬಂತು, ವಿಮಾನ ಬಂತು. ಸಾವಿರಾರು ಕಾವಲುಮನೆಗಳು ಬಾಗಿಲು ಹಾಕಿದವು. ಆದರೂ ಕೆಲವು ಕಡೆ ಬೆಂಕಿಯ ಕಾಲದಲ್ಲಿ ಇವತ್ತಿಗೂ ಕಾವಲಿಗೆ ಜನ ಇರುತ್ತಾರೆ, ಆಸ್ಬೋರ್ನ್ ಸಾಧನವನ್ನೂ ಬಳಸುತ್ತಾರೆ. ಹಳೆಯ ಕೆಲವು ಮನೆಗಳನ್ನು ಅರಣ್ಯ ಸೇವೆ ಪ್ರವಾಸಿಗರಿಗೆ ರಾತ್ರಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತದೆ. ಹೋಗುವ ಮನಸ್ಸಿದ್ದರೆ ಮುಂಚೆಯೇ ಕಾದಿರಿಸಿ.

— ಸಂಪಾದಕ