ಓದುಗರ ಪ್ರಶ್ನೆ: ಇನ್‌ಕ್ಯುಬೇಟರ್‌ನಲ್ಲಿ ಸಿಗುವುದೇನು?

ಪ್ರಶ್ನೆ: ಹೊಸ ಕಂಪನಿಗಳಿಗೆ ಆರಂಭದಲ್ಲಿ ಆಸರೆ ಕೊಡುವ ಇನ್‌ಕ್ಯುಬೇಟರ್‌ನಲ್ಲಿ ಶುರುವಾಗಿ ದೊಡ್ಡದಾದ ಕಂಪನಿ ನಮ್ಮ ದೇಶದಲ್ಲಿ ಯಾವುದಿದೆ? ಮೇಜು, ಕುರ್ಚಿ, ವೈಫೈ ಕೊಟ್ಟ ಮಾತ್ರಕ್ಕೆ ಕಂಪನಿ ಬೆಳೆಯುತ್ತದೆಯೇ?
— ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಷ್ಟರಿಂದಲೇ ಬೆಳೆಯುವುದಿಲ್ಲ. 2013ರಲ್ಲಿ ಶುರುವಾದ ಇ-ಸ್ಕೂಟರ್ ಕಂಪನಿ ಏಥರ್ ಎನರ್ಜಿಗೆ ಐಐಟಿ ಮದ್ರಾಸ್‌ನ ಇನ್‌ಕ್ಯುಬೇಟರ್ ಆಸರೆಯಾಯಿತು. ಅವರು ಮೊದಲು ಮಾಡಹೊರಟಿದ್ದು ಬ್ಯಾಟರಿ. ಆಗಿನ ಇ-ಸ್ಕೂಟರ್‌ಗಳೇ ಸರಿಯಿಲ್ಲವೆಂದು ಕಂಡ ಮೇಲೆ ಇಡೀ ಗಾಡಿಗೇ ಕೈಹಾಕಿದರು. ಗಿರಾಕಿಯ ಕೈಗೆ ಸ್ಕೂಟರ್ ಸೇರಿದ್ದು 2018ರಲ್ಲಿ, ಷೇರುಪೇಟೆಗೆ ಬಂದದ್ದು 2025ರಲ್ಲಿ. ಐಐಟಿ ಬಾಂಬೆಯ ಇನ್‌ಕ್ಯುಬೇಟರ್ ‘ಸೈನ್’ನಲ್ಲಿ ಬೆಳೆದ ಡ್ರೋನ್ ಕಂಪನಿ ಐಡಿಯಾಫೋರ್ಜ್ 2007ರದ್ದು, ಷೇರುಪೇಟೆ ಮುಟ್ಟಿದ್ದು 2023ರಲ್ಲಿ. ಇಂಥ ಕೆಲಸಕ್ಕೆ ಬೇಕಾದದ್ದು ಲ್ಯಾಬು, ಮತ್ತೆ ಮತ್ತೆ ಮಾಡಿ ಕೆಡವಿ ತಿದ್ದಿಕೊಳ್ಳುವಷ್ಟು ಕಾಲಾವಕಾಶ. ನಿಮ್ಮೂರಲ್ಲೇ ದೇಶಪಾಂಡೆ ಸ್ಟಾರ್ಟಪ್ಸ್ ಎಂಬ ಇನ್‌ಕ್ಯುಬೇಟರ್ ಇದೆ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲೂ ಕೇಂದ್ರವಿದೆ. ಹೋದಾಗ ಕಟ್ಟಡ ನೋಡಿ ಮರಳಬೇಡಿ. ನಿಮಗೆ ಬೇಕಾದ ಯಂತ್ರ ಇದೆಯೇ, ಸಂಜೆ ಆರರ ಮೇಲೂ ಬಳಸಲು ಬಿಡುತ್ತಾರೆಯೇ ಕೇಳಿ.

ಪ್ರಶ್ನೆ: ಒಣಮೆಣಸಿನಕಾಯಿಯ ತೇವಾಂಶವನ್ನು ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಗುಣ) ನೋಡಿ ಅಳೆಯುವ ಮೀಟರ್ ಮಾಡಿದ್ದೇನೆ. ಮನೆಯಲ್ಲಿ ಸರಿ ತೋರಿಸುತ್ತದೆ. ಮಾರುಕಟ್ಟೆಯಲ್ಲಿ ಒಂದೇ ಚೀಲಕ್ಕೆ ಮೂರು ಅಂಕಿ. ಇದನ್ನೇ ಇನ್‌ಕ್ಯುಬೇಟರ್‌ಗೆ ಒಯ್ದು ತೋರಿಸಲೇ? ಈಗಲೇ ಕಂಪನಿ ನೋಂದಾಯಿಸಲೇ?
— ಓದುಗರು, ಬ್ಯಾಡಗಿ

ಉತ್ತರ: ಒಯ್ದು ತೋರಿಸಿ, ಕಂಪನಿ ಮಾತ್ರ ಈಗಲೇ ಬೇಡ.

ಮೊದಲು ಮೀಟರ್ ವಿಚಾರ. ಬ್ಯಾಡಗಿ ಕಾಯಿ ಸುಕ್ಕುಸುಕ್ಕು, ಒಳಗೆ ಟೊಳ್ಳು. ಚೀಲದಲ್ಲಿ ಕಾಯಿಗಿಂತ ಗಾಳಿಯೇ ಹೆಚ್ಚು. ಒತ್ತಿದ ಕಡೆ ಒಂದು ಅಂಕಿ, ಸಡಿಲಿದ್ದ ಕಡೆ ಇನ್ನೊಂದು ಬರುವುದು ಅದಕ್ಕೇ. ಚೀಲಕ್ಕೆ ಚುಚ್ಚುವುದನ್ನು ಬಿಡಿ. ನಾಲ್ಕು ಕಡೆಯಿಂದ ಕಾಯಿ ತೆಗೆದು, ತೊಟ್ಟು ಬಿಡಿಸಿ, ಕತ್ತರಿಸಿ, ಪ್ರತಿಸಲ ಸರಿಯಾಗಿ 100 ಗ್ರಾಂ ತೂಗಿ ಒಂದೇ ಡಬ್ಬಿಗೆ ಹಾಕಿ, ಅದೇ ಮುಚ್ಚಳದಿಂದ ಅದೇ ಗುರುತಿನವರೆಗೆ ಒತ್ತಿ ಅಳೆಯಿರಿ. ಉಷ್ಣಾಂಶದ ಸೆನ್ಸರ್ ಕೂಡ ಬೇಕು. ಬಿಸಿಲಿಗೆ ಕಾದ ಕಾಯಿ ಇದ್ದದ್ದಕ್ಕಿಂತ ಹಸಿ ತೋರಿಸುತ್ತದೆ. ಅಂಕಿ ತಾಳೆ ನೋಡಲು ಲ್ಯಾಬಿನಲ್ಲಿ ಟಾಲ್ವೀನ್ ಎಂಬ ದ್ರಾವಕದ ಜತೆ ಬಟ್ಟಿ ಇಳಿಸುವ ವಿಧಾನವನ್ನೇ ಕೇಳಿ. ಓವನ್‌ನಲ್ಲಿ ಒಣಗಿಸಿ ತೂಗಿದರೆ ನೀರಿನ ಜತೆ ಆವಿಯಾಗುವ ಎಣ್ಣೆಯೂ ಹೋಗಿ, ತೇವ ಹೆಚ್ಚಿದೆ ಎಂದೇ ಬರುತ್ತದೆ. ಶೇ. 8ರಿಂದ 16ರವರೆಗೆ ತೇವವಿರುವ ಮೂವತ್ತು ಮಾದರಿಗಳ ಪಟ್ಟಿ ಕೈಯಲ್ಲಿದ್ದರೆ ಇನ್‌ಕ್ಯುಬೇಟರ್‌ನ ಆಯ್ಕೆ ಸಮಿತಿಯ ಮುಂದೆ ಹತ್ತು ಸ್ಲೈಡ್‌ಗಿಂತ ಅದೇ ಗಟ್ಟಿ.

ಇನ್ನು ಹಣ. ಕೇಂದ್ರ ಸರ್ಕಾರದ ನಿಧಿ-ಪ್ರಯಾಸ್ ಯೋಜನೆಯಲ್ಲಿ ಪ್ರೋಟೋಟೈಪ್‌ಗೆ (ಮೊದಲ ಮಾದರಿಗೆ) 10 ಲಕ್ಷ ರೂಪಾಯಿವರೆಗೆ ಸಿಗುತ್ತದೆ; ಕಂಪನಿ ಇಲ್ಲದ ವ್ಯಕ್ತಿಯೂ ಅರ್ಜಿ ಹಾಕಬಹುದು. 2021ರಲ್ಲಿ ಬಂದ ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನ ಅನುದಾನ 20 ಲಕ್ಷದವರೆಗೆ, ಆದರೆ ಅರ್ಜಿ ಹಾಕುವ ದಿನಕ್ಕೆ ಕಂಪನಿಗೆ ಎರಡು ವರ್ಷ ಮೀರಿರಬಾರದು. ಉತ್ಸಾಹದಲ್ಲಿ ಮೊದಲೇ ನೋಂದಾಯಿಸಿದವರು ಉಪಕರಣ ಸರಿಹೋಗುವ ಹೊತ್ತಿಗೆ ಆ ಅವಧಿ ಕಳೆದುಕೊಂಡಿರುತ್ತಾರೆ. ಅರ್ಜಿ ತೆರೆದಿದೆಯೇ ಎಂದು ಪೋರ್ಟಲ್‌ನಲ್ಲಿ ನೋಡಿಕೊಂಡೇ ಮುಂದುವರಿಯಿರಿ.

ಪ್ರಶ್ನೆ: ಇನ್‌ಕ್ಯುಬೇಟರ್‌ನವರು ಕಂಪನಿಯಲ್ಲಿ ಪಾಲು ಕೇಳುತ್ತಾರಂತೆ. ಕೊಡಬಹುದೇ?
— ಓದುಗರು, ಬೆಟಗೇರಿ, ಗದಗ

ಉತ್ತರ: ಕೊಡಬಹುದು, ಬದಲಿಗೆ ಏನು ಸಿಗುತ್ತದೆ ಎಂಬುದು ಬರಹದಲ್ಲಿರಲಿ. ಹೊಸ ಕಂಪನಿಗಳನ್ನು ಬೆಳೆಸುವ ಅಮೆರಿಕದ ವೈ ಕಾಂಬಿನೇಟರ್ ಸಂಸ್ಥೆ ಶೇ. 7 ಪಾಲಿಗೆ 1.25 ಲಕ್ಷ ಡಾಲರ್ ಕೊಡುತ್ತದೆ. ಬರೀ ಜಾಗ ಕೊಟ್ಟು ಅಷ್ಟು ಕೇಳಿದರೆ ಒಪ್ಪಬೇಡಿ. ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಮಾಡುವುದಾದರೆ ಇನ್ನೊಂದು ಸಾಲು ಓದಿ: ಅಲ್ಲಿ ಹುಟ್ಟಿದ ಪೇಟೆಂಟ್ ಯಾರ ಹೆಸರಿಗೆ? ಕಾಲೇಜಿನ ಹೆಸರಿಗೆ ಎಂದಿದ್ದರೆ, ಅದನ್ನು ಬಳಸುವ ಹಕ್ಕು ನಿಮ್ಮ ಕಂಪನಿಗೆ ಎಷ್ಟು ವರ್ಷ, ಎಷ್ಟು ರಾಯಧನಕ್ಕೆ ಎಂಬುದನ್ನು ಸಹಿಗೆ ಮುಂಚೆಯೇ ಬರೆಸಿಕೊಳ್ಳಿ.